ಎಮ್ಮೆ ಕೊಟ್ಟರು, ಹಾಲು ಕೊಳ್ಳಲಿಲ್ಲ
(ತಾಲ್ಲೂಕು ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಪದ್ಯ ಓದೋಕೆ ಕರೆದಿದ್ದಾರೆ ಅಂದುಕೊಂಡು ನಾವು ಬಂದೆವು. ಬಂದ ಮೇಲೆ 'ಸಾಲ, ಸಬ್ಸಿಡಿ, ಉದ್ಯೋಗ, ಇದರ ಬಗ್ಗೆ ನಾಕು ಮಾತಾಡಿ' ಅಂದರು. ಬಿ.ಎ. ಓದಿದ ನಮಗೆ ಲೆಕ್ಕ ಅಷ್ಟಕ್ಕಷ್ಟೆ. ಆದರೆ ಸಾಲದ ಲೆಕ್ಕವನ್ನು ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಒಂದು ಎಮ್ಮೆಯಿಂದ ಶುರು ಮಾಡೋಣ. ನಮ್ಮ ದೊಡ್ಡವ್ವನಿಗೆ ಸರ್ಕಾರದ ಸಾಲದಲ್ಲಿ ಒಂದು ಎಮ್ಮೆ ಮಂಜೂರಾಯಿತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಫೋಟೋ ಅಂತ ತಾಲ್ಲೂಕು ಕಚೇರಿಗೆ ಅಲೆದಲೆದು ಅವಳ ಚಪ್ಪಲಿ ಸವೆಯಿತು. ಎಮ್ಮೆ ಬಂತು. ಕಿವಿಗೆ ವಿಮೆಯ ಓಲೆ, ಕೊರಳಿಗೆ ಹಾರ, ಪಕ್ಕದಲ್ಲಿ ಅಧಿಕಾರಿಗಳು. ಫೋಟೋ ತೆಗೆದರು.

ದೊಡ್ಡವ್ವ ಕ್ಯಾನು ಹಿಡಿದು ಊರ ಡೈರಿ ಮುಂದೆ ನಿಂತಳು. 'ಇವತ್ತು ಯಂತ್ರ ಕೆಟ್ಟದೆ ಕಣವ್ವ' ಅಂದರು. ಮಾರನೆ ದಿನ 'ನಿನ್ನ ಹಾಲಿಗೆ ಡಿಗ್ರಿ ಬರ್ತಿಲ್ಲ' ಅಂದರು. ಡಿಗ್ರಿ ಮಾಡಿದ ನಾವು ಮನೇಲಿ ಕೂತಿದ್ದೆವು. ಹಾಲಿಗೆ ಡಿಗ್ರಿ ಇಲ್ಲ ಅಂತ ತಳ್ಳಿದರು, ಡಿಗ್ರಿ ಇದ್ದ ನಮಗೂ ಕೆಲಸ ಇಲ್ಲ. ಮೂರನೆ ದಿನ ಅಲ್ಲಿನ ಒಬ್ಬ ಹುಡುಗ ನಿಜ ಹೇಳಿದ: 'ನಿಮ್ಮ ಹಾಲು ಸೇರಿಸಿದ್ರೆ ಉಳಿದೋರು ಹಾಲು ಹಾಕೋದು ನಿಲ್ಲಿಸ್ತಾರಂತೆ ದೊಡ್ಡವ್ವ.' ಆರು ತಿಂಗಳಿಗೆ ಎಮ್ಮೆಯನ್ನು ಸಂತೆಯಲ್ಲಿ ಅರ್ಧ ಬೆಲೆಗೆ ಮಾರಿದೆವು. ಎಮ್ಮೆ ಹೋಯಿತು, ಕಂತು ಉಳಿಯಿತು. ಕಡತದಲ್ಲಿ ಮಾತ್ರ ದೊಡ್ಡವ್ವ ಇವತ್ತಿಗೂ 'ಫಲಾನುಭವಿ'.

ಇದನ್ನು ಕಣ್ಣೀರಿಗೋಸ್ಕರ ಹೇಳುತ್ತಿಲ್ಲ. ಸರ್ಕಾರ ನಮಗೆ ಬಂಡವಾಳ ಇಲ್ಲ ಅಂತ ತಿಳಿದು ಸಾಲ ಕೊಡುತ್ತದೆ. ನಮಗೆ ಬಂಡವಾಳವೂ ಇಲ್ಲ, ಮಾರುಕಟ್ಟೆಯೂ ಇಲ್ಲ. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮರೆತರೆ ಬಡವನ ತಲೆ ಮೇಲೆ ಸಾಲ ಹೊರಿಸಿದಂತೆ ಆಗುತ್ತದೆ, ಅಷ್ಟೆ.

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ ಬಂದ ಮೇಲೆ ಬೊಂಬಾಯಿಯಲ್ಲಿ ಹಣ ಹೂಡುವವರಿಗೆ ಸಲಹೆ ಕೊಡುವ ಕಚೇರಿ ತೆರೆದಿದ್ದರು. ಅವರ ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಅರ್ಥಶಾಸ್ತ್ರ ಅರೆದು ಕುಡಿದವರ ಸಲಹೆಗೇ ಗಿರಾಕಿ ಇಲ್ಲದ ದೇಶದಲ್ಲಿ ದೊಡ್ಡವ್ವನ ಹಾಲಿಗೆ ಗಿರಾಕಿ ಎಲ್ಲಿಂದ ಬರಬೇಕು?

ಇನ್ನು ಹಿಂದುಳಿದ ಪ್ರದೇಶದ ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಇದು ದೊಡ್ಡ ಕೆಲಸ, ನಾವು ಗೌರವಿಸುತ್ತೇವೆ. 371ಜೆ ಬಂದದ್ದನ್ನೂ ಸ್ವಾಗತಿಸುತ್ತೇವೆ. ಆದರೆ ಅಳತೆ ತಾಲ್ಲೂಕಿಗೆ ನಿಂತುಬಿಟ್ಟಿತು. ಮುಂದುವರಿದ ತಾಲ್ಲೂಕಿನಲ್ಲೂ ಒಂದು ಹಿಂದುಳಿದ ಬೀದಿ ಇರುತ್ತದೆ. ಆ ಬೀದಿ ಯಾವುದು ಅಂತ ಊರಿನ ಮಕ್ಕಳಿಗೂ ಗೊತ್ತು, ಯೋಜನೆಗೆ ಮಾತ್ರ ಗೊತ್ತಿಲ್ಲ. ತಾಲ್ಲೂಕಿಗೆ ಕಾರ್ಖಾನೆ ಬಂದರೆ ಗುಂಡಿ ತೋಡಲು ನಾವು, ಲಾರಿ ಬಾಡಿಗೆಗೆ ಬಿಡಲು ಅವರು.

ಕಾನೂನು ಇಲ್ಲವೆ? ಇದೆ. ಸಣ್ಣ ಕೈಗಾರಿಕೆಗಳಿಂದ ಸರ್ಕಾರ ಇಂತಿಷ್ಟು ಕೊಳ್ಳಲೇಬೇಕು ಅಂತ ಕೇಂದ್ರ 2012ರಲ್ಲಿ ಆದೇಶ ಮಾಡಿತು. ಒಟ್ಟು ಖರೀದಿಯಲ್ಲಿ ಶೇಕಡಾ 4 ದಲಿತ, ಆದಿವಾಸಿ ಉದ್ದಿಮೆದಾರರಿಂದ ಆಗಬೇಕು. ನಮ್ಮ ರಾಜ್ಯದಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳ ಗುತ್ತಿಗೆಯಲ್ಲಿ ನಮಗೆ ಮೀಸಲಾತಿ ಬಂತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. 2013ರಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು ಅನ್ನುವ ಉಪಯೋಜನೆ ಕಾಯ್ದೆ ಆಯಿತು. ಅದರೊಳಗೇ 7(ಡಿ) ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಹಾಕಿದ ರಸ್ತೆಯ ಖರ್ಚಿನಲ್ಲಿ ಒಂದು ಪಾಲನ್ನು ನಮ್ಮ ಲೆಕ್ಕಕ್ಕೆ ಬರೆಯಬಹುದಿತ್ತು. ಚಳವಳಿ ಕೂಗಿ ಕೂಗಿ 2023ರಲ್ಲಿ ಆ ಕಿಂಡಿ ಮುಚ್ಚಿತು. ಕೂಗಿದ್ದರಿಂದಲೇ ಮುಚ್ಚಿತು, ನೆನಪಿರಲಿ.

2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಬಂತು. ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ದಲಿತ ಅಥವಾ ಆದಿವಾಸಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅನ್ನುವ ಯೋಜನೆ. ನಮ್ಮ ಗೆಳೆಯರು ಕೆಲವರು ಹೋದರು. ಮೇಜಿನ ಆಚೆಯಿಂದ ಬಂದ ಮೊದಲ ಪ್ರಶ್ನೆ, 'ಪಹಣಿ ಇದೆಯೇನಪ್ಪ?' ಪಹಣಿ ಇದ್ದಿದ್ದರೆ ಆ ಮೇಜಿನ ಮುಂದೆ ಯಾಕೆ ನಿಲ್ಲುತ್ತಿದ್ದೆವು!

ಕಸುಬು ಗೊತ್ತಿಲ್ಲ ಅಂತ ಹೇಳುವವರಿಗೆ ಅಥಣಿ, ನಿಪ್ಪಾಣಿ ತೋರಿಸಿ. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕೈಗಳು ಅಲ್ಲೂ ಇವೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯನ್ನು ಮಿಲಾನಿನ ವೇದಿಕೆಯಲ್ಲಿ ನಡೆಸಿತು, ಎಲ್ಲಿಯದು ಅಂತ ಹೇಳಲಿಲ್ಲ. ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು. ನಮ್ಮ ಕೈಕೆಲಸಕ್ಕೆ ಲೋಕದಲ್ಲಿ ಬೆಲೆ ಇದೆ ಅಂತಾಯಿತು. ಆ ಬೆಲೆ ಹೊಲಿದವನ ಮನೆಗೆ ಬರುವ ದಾರಿ ಮಾತ್ರ ಇಲ್ಲ.

ಹಾಗಾದರೆ ನಾವು ಕೇಳುವುದೇನು?

ಒಂದು, ಸಾಲ ಕೊಟ್ಟ ಲೆಕ್ಕದ ಜೊತೆಗೆ ಸರಕು ಕೊಂಡ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಓದಿ. ಹಾಸ್ಟೆಲಿಗೆ ಹಾಲು, ಶಾಲಾ ಮಕ್ಕಳಿಗೆ ಶೂ, ಕಚೇರಿಗೆ ಮೇಜು ಕುರ್ಚಿ ಯಾರಿಂದ ಕೊಂಡಿರಿ, ಹೇಳಿ.

ಎರಡು, ಭೂಮಿಯೇ ಇಲ್ಲದವನ ಹತ್ತಿರ ಭೂಮಿಯ ಜಾಮೀನು ಕೇಳುವುದನ್ನು ನಿಲ್ಲಿಸಿ.

ಮೂರು, ನಮ್ಮ ಹಾಲು ಬೇಡ, ನಮ್ಮ ಹೋಟೆಲಿನ ಟೀ ಬೇಡ ಅಂತ ಊರೇ ಕಟ್ಟು ಮಾಡಿದರೆ ಅದನ್ನು 'ವ್ಯಾಪಾರ ನಷ್ಟ' ಅಂತ ಬರೆಯಬೇಡಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆರ್ಥಿಕ ಬಹಿಷ್ಕಾರ ಅಪರಾಧ. ನಮ್ಮ ಎಮ್ಮೆ ಹೋದಾಗ ಈ ಮಾತು ನಮಗೆ ಗೊತ್ತಿರಲಿಲ್ಲ. ಪದ್ಯ ಬರೆಯುತ್ತಾ ಕೂತಿದ್ದ ನಾವು ಒಂದು ದೂರು ಬರೆಯಲಿಲ್ಲ. ಆ ತಪ್ಪು ನಮ್ಮದು. ಅದನ್ನು ಒಪ್ಪಿಕೊಳ್ಳೋಕೇ ಇಲ್ಲಿ ನಿಂತಿದ್ದೇವೆ.

ಮುಂದಿನ ವಾರ ನಮ್ಮ ಕೇರಿಯ ಇನ್ನೊಬ್ಬ ತಾಯಿಗೆ ಎಮ್ಮೆ ಬರುತ್ತಿದೆ. ಈ ಸಲ ಹಾರ ಹಾಕೋಕೆ ನಾವು ಹೋಗೋದಿಲ್ಲ. ಡೈರಿ ಬಾಗಿಲಿಗೆ ಹೋಗುತ್ತೇವೆ. ಬೆಳಗ್ಗೆ ಆರು ಗಂಟೆಗೆ ಆ ತಾಯಿಯ ಹಿಂದೆ ಐವತ್ತು ಜನ ನಿಲ್ಲಬೇಕು, ಕೈಯಲ್ಲಿ ಕಾಯ್ದೆಯ ಪ್ರತಿ ಇರಬೇಕು. ಹಾಲು ಅಳೆಯಲಿ, ಡಿಗ್ರಿ ನೋಡಲಿ, ಚೀಟಿ ಬರೆದು ಕೊಡಲಿ.

ಬರ್ತೀರಾ?

ಜೈ ಭೀಮ್.