ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ: ಟನ್, ಸ್ಟಾರ್, ಇನ್ವರ್ಟರ್ ಅಂದ್ರೆ ಏನು?



ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. 2,800 ಇಂಟು ಮೂರು, ಅಂದ್ರೆ 8,400 ರೂಪಾಯಿ. ಹೋದ ಬೇಸಿಗೆಯಲ್ಲಿ ಒಂದೇ ಒಂದು ಪದದ ಅರ್ಥ ಗೊತ್ತಿಲ್ಲದೆ ನಾನು ಕಳ್ಕೊಂಡ ದುಡ್ಡು ಇದು. ಆ ಪದ "ಗ್ಯಾಸ್".

ನಮ್ಮ ಮನೆ ಕಲಬುರಗಿಯಲ್ಲಿ. ನಾನಿರೋದು ಬೆಂಗಳೂರಲ್ಲಿ. ಅಜ್ಜಿಗೆ 78 ವರ್ಷ. ಅವರ ರೂಮು ಮೇಲಿನ ಮಹಡೀಲಿದೆ, ತಲೆ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬ್. ಏಪ್ರಿಲ್, ಮೇ ತಿಂಗಳ ಬಿಸಿಲು ಹಗಲಿಡೀ ಆ ಸ್ಲ್ಯಾಬ್ ಒಳಗೆ ಇಳಿದು, ರಾತ್ರಿಯಿಡೀ ರೂಮಿನೊಳಗೆ ಹೊರಬರುತ್ತೆ. ಆ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಅಪ್ಪ ಒಂದು ಎಸಿ ತಂದ್ರು.

ಹೋದ ಮೇನಲ್ಲಿ ಅಮ್ಮನ ಫೋನು: "ಎಸಿಯಿಂದ ಬರೇ ಫ್ಯಾನಿನ ಗಾಳಿ ಬರ್ಲಿಕ್ಕತ್ತದ." ಆ್ಯಪ್‌ನಲ್ಲಿ ಒಬ್ಬ ಮೆಕ್ಯಾನಿಕ್‌ನ ಬುಕ್ ಮಾಡಿದೆ. ಬಂದವನು "ಗ್ಯಾಸ್ ಖಾಲಿ" ಅಂದ, ತುಂಬಿಸಿದ, ನಾನು ಬೆಂಗಳೂರಿಂದಲೇ ಯುಪಿಐ ಮಾಡಿದೆ. ಇಪ್ಪತ್ತು ದಿನಕ್ಕೆ ಮತ್ತೆ ಅದೇ ಫೋನು, ಅದೇ ಮಾತು, ಅದೇ 2,800. ಹೀಗೆ ಮೂರು ಸಲ. ಮೂರನೇ ಸಲ ಎಸಿ ಕೈಕೊಟ್ಟ ರಾತ್ರಿ ಅಜ್ಜಿಗೆ ತಲೆ ಸುತ್ತಿ ಬಂತು. ಡಾಕ್ಟರ್ ಡ್ರಿಪ್ ಹಾಕಿ, ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಅಂದ್ರು. ಅಜ್ಜಿ ಹುಷಾರಾದ್ರು. ಆದ್ರೆ ನನಗೆ ನಿದ್ದೆ ಬರಲಿಲ್ಲ. ಬಿಕಾಂ ಓದಿದೀನಿ, ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಕೊಟ್ರೆ ಹತ್ತು ಪ್ರಶ್ನೆ ಕೇಳ್ತೀನಿ. ಈ ಮೂರು ಬಿಲ್‌ಗೆ ಒಂದು ಪ್ರಶ್ನೇನೂ ಕೇಳಿರಲಿಲ್ಲ.

ಆಮೇಲೆ ಕೂತು ಓದ್ದೆ, ಗೊತ್ತಿರೋರನ್ನ ಕೇಳ್ದೆ. ಮೊದಲು ಗೊತ್ತಾದ ವಿಷಯ ಏನು ಗೊತ್ತಾ? ಎಸಿ ತಂಪನ್ನ ತಯಾರು ಮಾಡಲ್ಲ. ಅದು ರೂಮಿನ ಶಾಖವನ್ನ ಎತ್ತಿ ಹೊರಗೆ ಹಾಕುತ್ತೆ, ಅಷ್ಟೇ. ಅಂದ್ರೆ ಇದೊಂದು ಟ್ರಾನ್ಸ್‌ಪೋರ್ಟ್ ವ್ಯವಹಾರ. ನಮ್ಮೂರಿನ ಎಪಿಎಂಸಿಯಿಂದ ತೊಗರಿ ಲಾರಿ ಹೋಗುತ್ತಲ್ಲ, ಹಾಗೆ. ಇದೊಂದು ತಲೇಲಿ ಕೂತ್ರೆ ಉಳಿದ ಪದಗಳೆಲ್ಲ ತಾವಾಗೇ ಅರ್ಥ ಆಗ್ತವೆ.

ಲಾರಿಯಿಂದಲೇ ಶುರು ಮಾಡೋಣ. ಆ ಲಾರೀನೇ ಗ್ಯಾಸ್. ಒಳಗಿನ ಯೂನಿಟ್‌ನ ಕೊಳವೆಗಳಲ್ಲಿ ಅದು ದ್ರವದಿಂದ ಆವಿಯಾಗ್ತಾ ರೂಮಿನ ಶಾಖವನ್ನ ಹೊತ್ಕೊಳ್ಳುತ್ತೆ. ಈ ಲೋಡಿಂಗ್ ಜಾಗಕ್ಕೆ ಇವಾಪೊರೇಟರ್ ಅಂತ ಹೆಸರು. ಹೊರಗಿನ ಯೂನಿಟ್‌ನಲ್ಲಿ ಕಂಪ್ರೆಸರ್ ಅದನ್ನ ಒತ್ತಿ ಬಿಸಿ ಮಾಡುತ್ತೆ. ಮುಂದಿನ ಕೊಳವೆಗಳಲ್ಲಿ ಆ ಶಾಖ ಹೊರಗಿನ ಗಾಳಿಗೆ ಹೋಗಿ, ಗ್ಯಾಸ್ ಮತ್ತೆ ದ್ರವ ಆಗುತ್ತೆ. ಈ ಅನ್‌ಲೋಡಿಂಗ್ ಜಾಗ ಕಂಡೆನ್ಸರ್. ಲಾರಿ ವಾಪಸ್ ಒಳಗೆ. ಎಸಿ ಓಡ್ತಿರೋವರೆಗೂ ಇದೇ ಸುತ್ತು.

ಈಗ ಮುಖ್ಯವಾದ ಮಾತು. ಲಾರಿ ಸುತ್ತು ಹೊಡೆದ್ರೆ ಡೀಸೆಲ್ ಖರ್ಚಾಗುತ್ತೆ, ಲಾರಿ ಖರ್ಚಾಗಲ್ಲ. ಇಲ್ಲಿ ಡೀಸೆಲ್ ಅಂದ್ರೆ ಕರೆಂಟು. ಗ್ಯಾಸು ಮುಚ್ಚಿದ ಕೊಳವೆಯೊಳಗೇ ಇರುತ್ತೆ, ಬಳಸಿ ಬಳಸಿ ಖಾಲಿ ಆಗೋ ವಸ್ತು ಅಲ್ಲ ಅದು. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸೋದು, ಪಂಕ್ಚರ್ ಹಾಕದೆ ಗಾಳಿ ಹೊಡೆಸಿದ ಹಾಗೆ. ನಾನು ಮೂರು ಸಲ ಗಾಳಿ ಹೊಡೆಸಿದ್ದೆ.

ಕೊನೆಗೆ ಪಕ್ಕದ ಮನೆಯವರು ಹೇಳಿದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದ್ರು. ಸೋಪಿನ ನೊರೆಯನ್ನ ಪೈಪಿನ ಜಾಯಿಂಟ್‌ಗಳಿಗೆ ಹಚ್ಚಿದ್ರು. ಹೊರಗಿನ ಯೂನಿಟ್‌ಗೆ ಪೈಪ್ ಸೇರೋ ಒಂದು ನಟ್ ಹತ್ರ ಗುಳ್ಳೆ ಬಂತು. ಅದನ್ನ ಸರಿ ಮಾಡಿ, ವ್ಯಾಕ್ಯೂಮ್ ಪಂಪ್ ಹಾಕಿ ಕೊಳವೆಯೊಳಗಿನ ಗಾಳಿ, ತೇವ ಎಲ್ಲ ಎಳೆದು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಿದ್ರು. ಎಷ್ಟು ತೂಕ ಅನ್ನೋದು ಹೊರಗಿನ ಯೂನಿಟ್‌ನ ನೇಮ್‌ಪ್ಲೇಟ್ ಮೇಲೇ ಬರೆದಿರುತ್ತೆ. ಅವತ್ತಿಂದ ಇವತ್ತಿನವರೆಗೂ ಗ್ಯಾಸ್ ಹಾಕ್ಸಿಲ್ಲ.

ಅದೇ ನೇಮ್‌ಪ್ಲೇಟ್ ಮೇಲೆ ಆರ್-32 ಅಂತಲೋ, ಆರ್-410ಎ, ಆರ್-290 ಅಂತಲೋ ಇರುತ್ತೆ. ಅದು ಗ್ಯಾಸಿನ ಹೆಸರು. ಹಳೇ ಎಸಿಗಳ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡೋದು. ಆರ್-32 ಓಝೋನ್‌ಗೆ ಹಾನಿ ಮಾಡಲ್ಲ, ಆದ್ರೆ ಭೂಮಿಯನ್ನ ಬಿಸಿ ಮಾಡೋದ್ರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 675 ಪಟ್ಟು ಶಕ್ತಿಶಾಲಿ. ಸೋರಿಕೆ ನಮ್ಮ ಜೇಬಿಗೆ ಮಾತ್ರ ತೂತಲ್ಲ. ಆರ್-290 ಅಂದ್ರೆ ಪ್ರೊಪೇನ್, ಅದು ಸುಲಭವಾಗಿ ಹೊತ್ಕೊಳ್ಳುತ್ತೆ. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯೋದೇ. ಒಂದು ಗ್ಯಾಸಿನ ಬದಲು ಇನ್ನೊಂದನ್ನ ತುಂಬೋ ಹಾಗಿಲ್ಲ.

ಮುಂದಿನ ಪದ ಟನ್. ಒಂದೂವರೆ ಟನ್ ಅಂದ್ರೆ ಎಸಿಯ ತೂಕ ಅಲ್ಲ. ನಗಬೇಡಿ, ನಾನೂ ಚಿಕ್ಕವಳಿದ್ದಾಗ ಹಾಗೇ ಅಂದ್ಕೊಂಡಿದ್ದೆ. ಐಸ್‌ನಿಂದ ತಂಪು ಮಾಡ್ತಿದ್ದ ಕಾಲದ ಅಳತೆ ಇದು. ಅಮೆರಿಕದ ಒಂದು ಟನ್, ಅಂದ್ರೆ ಸುಮಾರು 907 ಕೆಜಿ ಐಸು 24 ಗಂಟೇಲಿ ಕರಗೋಕೆ ಎಷ್ಟು ಶಾಖ ಹೀರುತ್ತೋ, ಆ ವೇಗದಲ್ಲಿ ಶಾಖ ಸಾಗಿಸೋದು ಒಂದು ಟನ್. ಇದನ್ನೇ ಗಂಟೆಗೆ 12,000 ಬಿಟಿಯು ಅಂತಾರೆ, ಅಥವಾ ಸುಮಾರು 3.5 ಕಿಲೋವ್ಯಾಟ್. ಇದು ಸಾಗಿಸೋ ಶಾಖ, ತಿನ್ನೋ ಕರೆಂಟ್ ಅಲ್ಲ. ಹತ್ತು ಬೈ ಹನ್ನೆರಡರ ರೂಮಿಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಮೇಲಿನ ಮಹಡಿ, ಪಶ್ಚಿಮದ ಗೋಡೆ ಇದ್ರೆ ಜಾಸ್ತಿ ಬೇಕಾಗಬಹುದು. ಹಾಗಂತ ಸುಮ್ನೆ ದೊಡ್ಡದು ತಗೊಂಡ್ರೆ, ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತು, ಗಾಳಿಯ ತೇವ ಹಾಗೇ ಉಳಿಯುತ್ತೆ. ಮಂಗಳೂರಿನವರು ಇದನ್ನ ಗಮನಿಸಿ.

ಇನ್ನು ಸ್ಟಾರ್. ಲೇಬಲ್ ಮೇಲೆ ನಕ್ಷತ್ರಕ್ಕಿಂತ ಮುಖ್ಯವಾದ ಎರಡು ಸಂಖ್ಯೆ ಇರ್ತವೆ. ಒಂದು ಐಎಸ್‌ಇಇಆರ್. ನಮ್ಮ ಭಾಷೇಲಿ ಹೇಳೋದಾದ್ರೆ ಲಾರಿಯ ಮೈಲೇಜ್. ಐಎಸ್‌ಇಇಆರ್ 5 ಅಂದ್ರೆ, ವರ್ಷದ ಸರಾಸರೀಲಿ ಒಂದು ಯೂನಿಟ್ ಕರೆಂಟಿಗೆ ಐದು ಯೂನಿಟ್‌ನಷ್ಟು ಶಾಖ ಹೊರಗೆ ಹೋಗುತ್ತೆ. ಇನ್ನೊಂದು, ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋದು. ಇದು 1,600 ಗಂಟೆಗಳ ಲೆಕ್ಕ, ಅಂದ್ರೆ ದಿನಕ್ಕೆ ಎಂಟು ಗಂಟೆಯಂತೆ 200 ರಾತ್ರಿ. ಎರಡು ಎಸಿ ಇವೆ, ಒಂದರ ಲೇಬಲ್ ಮೇಲೆ 1,000, ಇನ್ನೊಂದರ ಮೇಲೆ 800 ಅಂತಿಟ್ಕೊಳ್ಳಿ. ಯೂನಿಟ್‌ಗೆ 7 ರೂಪಾಯಿ ಅಂದ್ರೆ ವರ್ಷಕ್ಕೆ 1,400 ರೂಪಾಯಿ ವ್ಯತ್ಯಾಸ. ಅಂಗಡೀಲಿ ಬೆಲೆ 7,000 ಜಾಸ್ತಿ ಹೇಳಿದ್ರೆ, ವಸೂಲಾಗೋಕೆ ಐದು ವರ್ಷ. ಬಿಕಾಂ ಇಲ್ಲಿ ಉಪಯೋಗಕ್ಕೆ ಬಂತು. ಗೃಹಜ್ಯೋತಿ ಇರೋರು ಇನ್ನೊಂದು ಲೆಕ್ಕ ಹಾಕ್ಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಮ್ಮದೇ. ಇನ್ನೊಂದು ವಿಷಯ, ಸ್ಟಾರ್ ಕೊಡೋ ಬಿಇಇ ಆಗಾಗ ಮಾನದಂಡವನ್ನ ಬಿಗಿ ಮಾಡುತ್ತೆ. ಹಳೇ ಸ್ಟಾಕಿನ ಐದು ಸ್ಟಾರ್ ಇವತ್ತಿನ ಐದು ಸ್ಟಾರ್ ಆಗಿರಲೇಬೇಕಂತಿಲ್ಲ. ಲೇಬಲ್‌ನ ಅವಧಿ ನೋಡಿ.

ಇನ್ವರ್ಟರ್ ಎಸಿ. ನಮ್ಮಪ್ಪ ಇದನ್ನ ತಂದಿದ್ದೇ ಕರೆಂಟ್ ಹೋದ್ರೂ ಓಡುತ್ತೆ ಅಂದ್ಕೊಂಡು! ಮೊದಲ ಪವರ್ ಕಟ್‌ನಲ್ಲೇ ಸತ್ಯ ಗೊತ್ತಾಯ್ತು. ಬ್ಯಾಟರಿ ಇರೋ ಇನ್ವರ್ಟರ್‌ಗೂ ಇದಕ್ಕೂ ಸಂಬಂಧ ಇಲ್ಲ. ಸಾಮಾನ್ಯ ಎಸಿಯ ಕಂಪ್ರೆಸರ್ ಒಂದೋ ಪೂರ್ತಿ ವೇಗದಲ್ಲಿ ಓಡುತ್ತೆ, ಇಲ್ಲ ನಿಲ್ಲುತ್ತೆ. ಇನ್ವರ್ಟರ್‌ನಲ್ಲಿ ಬೇಕಾದಷ್ಟೇ ವೇಗಕ್ಕೆ ಇಳಿಯುತ್ತೆ. ಸಿಗ್ನಲ್ ಸಿಗ್ನಲ್‌ಗೂ ನಿಂತು ಹೊರಡೋ ಗಾಡಿಗೂ, ಹೈವೇ ಮೇಲೆ ಒಂದೇ ಸಮ ಹೋಗೋ ಗಾಡಿಗೂ ಇರೋ ವ್ಯತ್ಯಾಸ ಅದು. ರಾತ್ರಿಯಿಡೀ ಓಡಿಸೋರಿಗೆ ಲಾಭ ಜಾಸ್ತಿ.

ರಿಮೋಟ್ ಬಗ್ಗೆ ಒಂದು ಮಾತು. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರೋ ರೂಮ್ ಎಸಿಗಳು 24 ಡಿಗ್ರಿ ಡಿಫಾಲ್ಟ್ ಆಗೇ ಬರಬೇಕು. ಒಂದೊಂದು ಡಿಗ್ರಿ ಏರಿಸಿದ್ರೂ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತೆ ಅನ್ನೋದು ಬಿಇಇ ಲೆಕ್ಕ. ಅಜ್ಜಿ ರೂಮಲ್ಲಿ ಈಗ 26 ಮತ್ತು ನಿಧಾನಕ್ಕೆ ಫ್ಯಾನು.

ಎಸಿ ಬೇಡ, ಕೂಲರ್ ಸಾಕು ಅನ್ನೋರಿಗೆ: ಕೂಲರ್ ನೀರನ್ನ ಆವಿ ಮಾಡಿ ತಂಪು ಕೊಡುತ್ತೆ. ರಾಯಚೂರು, ಕಲಬುರಗಿಯ ಒಣ ಹವೆಗೆ ಸರಿ, ಆದ್ರೆ ಕಿಟಕಿ ತೆಗೆದಿರಲೇಬೇಕು. ಕರಾವಳಿಯ ತೇವದ ಗಾಳೀಲಿ ನೀರು ಸರಿಯಾಗಿ ಆವಿಯಾಗಲ್ಲ, ಬರೀ ಜಿಗುಟು.

ಚಳಿ ದೇಶದಲ್ಲಿರೋ ಕನ್ನಡಿಗರು ಹೀಟ್ ಪಂಪ್ ಬಗ್ಗೆ ಕೇಳ್ತಿರ್ತಾರೆ. ಅದು ಇದೇ ಲಾರಿ, ಉಲ್ಟಾ ದಾರೀಲಿ: ಹೊರಗಿನ ಶಾಖವನ್ನ ಮನೆಯೊಳಗೆ ತರುತ್ತೆ. ನಮ್ಮ ಬಚ್ಚಲಿನ ಗೀಸರ್ ಹಾಗಲ್ಲ, ಒಂದು ಯೂನಿಟ್ ಕರೆಂಟಿಗೆ ಹೆಚ್ಚೆಂದರೆ ಒಂದೇ ಯೂನಿಟ್ ಶಾಖ. ಸಾಗಿಸೋದು ಸಾಮಾನ್ಯವಾಗಿ ತಯಾರಿಸೋದಕ್ಕಿಂತ ಅಗ್ಗ.

ಸರಿ, ಈಗ ನಿಮ್ಮ ಕೆಲಸ. ಊರಲ್ಲಿ ಅಪ್ಪ ಅಮ್ಮ ಇದ್ದು, ಎಸಿ ಇದ್ರೆ, ಸ್ಟಾರ್ ಲೇಬಲ್ ಮತ್ತು ಹೊರಗಿನ ಯೂನಿಟ್‌ನ ನೇಮ್‌ಪ್ಲೇಟ್ ಎರಡರದ್ದೂ ಒಂದೊಂದು ಫೋಟೋ ತರಿಸ್ಕೊಂಡು ಫೋನಲ್ಲಿ ಇಟ್ಕೊಳ್ಳಿ. ತಂಪು ಕಡಿಮೆ ಆದ್ರೆ ಮೊದಲು ಫಿಲ್ಟರ್ ತೊಳೆಸಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತೆ. ಆಮೇಲೂ ಯಾರಾದ್ರೂ "ಗ್ಯಾಸ್ ಖಾಲಿ" ಅಂದ್ರೆ, ಯುಪಿಐ ಪಿನ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ: ಎಲ್ಲಿ ಸೋರ್ತಿದೆ? ವ್ಯಾಕ್ಯೂಮ್ ಮಾಡ್ತೀರಾ? ಎಷ್ಟು ಗ್ರಾಂ ತುಂಬ್ತೀರಾ?

ನಾನು ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಅಜ್ಜಿಗೆ ಫೋನ್ ಮಾಡಿ, ನಿದ್ದೆ ಹೇಗಿದೆ ಅಂತ ಕೇಳ್ದೆ. "ನಿದ್ದಿ ಚೊಲೋ ಬರ್ತದ, ನೀ ಯಾವಾಗ ಬರ್ತಿ ಹೇಳು" ಅಂದ್ರು. ಮುಂದಿನ ಶನಿವಾರ ಊರಿಗೆ ಹೋಗ್ತಿದೀನಿ. ವಾಪಸ್ ಬಂದ್ಮೇಲೆ ಸೋಲಾರ್ ನೀರಿನ ಬಗ್ಗೆ ಮಾತಾಡೋಣ. ಅಲ್ಲೀವರೆಗೂ ತಣ್ಣಗಿರಿ, ನೀರು ಕುಡೀರಿ.