ಬೇಚಿರಾಕ್: ದೀಪ ಆರಿದ ಕೇರಿಗಳ ಲೆಕ್ಕ ಯಾರ ಹತ್ತಿರ ಇದೆ?

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಂಡಿದ್ದನ್ನು ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇನೆ.)



ನಾನು ಭಾಷಣಕಾರನಲ್ಲ. ನಾಲ್ಕು ಪದ್ಯ ಬರೆದವನು. ಇವತ್ತು ಪದ್ಯ ಓದು ಅಂತ ಕರೆದಿದ್ರಿ. ಪದ್ಯ ಆಮೇಲೆ ಓದೋಣ. ಮೊದಲು ಒಂದು ಪ್ರಶ್ನೆ. ಹಾಸ್ಟೆಲಿಗೆ ಸೇರಿದ ಮೊದಲ ದಿನ ಪಕ್ಕದ ಹಾಸಿಗೆಯವನು ನಿಮ್ಮನ್ನು ಏನು ಕೇಳಿದ? "ನಿಂದು ಯಾವೂರು?" ಅಂತ ತಾನೆ? ನೀವು ಒಂದು ಊರಿನ ಹೆಸರು ಹೇಳಿರ್ತೀರಿ. ಆದರೆ ಆ ಊರೊಳಗೆ ನಿಮ್ಮ ಮನೆ ಇದೆಯಾ? ಇಲ್ಲ. ನಿಮ್ಮ ಮನೆ ಇರೋದು ಕೇರಿಯಲ್ಲಿ, ಹಟ್ಟಿಯಲ್ಲಿ. ಊರು ಅನ್ನೋದು ಆಚೆ ಇದೆ. ನಾವು ಹೇಳೋ ಊರಿನ ಹೆಸರು ನಮ್ಮ ಹೆಸರಿನ ಹಿಂದೆ ಇರುತ್ತೆ, ಆ ಊರಿನ ಬಾವಿ ಹಗ್ಗ ಮಾತ್ರ ನಮ್ಮ ಕೈಲಿ ಇರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂತಿರೋದು ಜನ ಬಿಟ್ಟುಹೋದ ಜಾಗಗಳ ಬಗ್ಗೆ. ಹಾಳೂರುಗಳ ಬಗ್ಗೆ.

ಬಿಎನಲ್ಲಿ ಚರಿತ್ರೆ ಓದುವಾಗ ನಮಗೂ ಹಾಳೂರುಗಳ ಪಾಠ ಇತ್ತು. 1565ರ ಯುದ್ಧ ಆದಮೇಲೆ ವಿಜಯನಗರ ಹಾಳಾಯಿತು. ತಲಕಾಡಿನ ಗುಡಿಗಳನ್ನು ಮರಳು ಮುಚ್ಚಿತು. ಮೇಷ್ಟ್ರು ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ತಂದ್ಕೊಳ್ಳೋರು. ನಮ್ಮನ್ನು ಬಸ್ಸಲ್ಲಿ ಕರೆದುಕೊಂಡು ಹೋಗಿ ಅರಮನೆಯ ಅಡಿಪಾಯ ತೋರಿಸಿದರು, ಆನೆ ಲಾಯ ತೋರಿಸಿದರು. ಆ ಆನೆಯ ಲದ್ದಿ ಬಾಚಿದವರು ಎಲ್ಲಿ ಮಲಗ್ತಾ ಇದ್ದರು ಅಂತ ನಾನು ಕೇಳಿದೆ. ಮೇಷ್ಟ್ರು ನಕ್ಕು ಮುಂದಕ್ಕೆ ಹೋದರು. ರಾಜರು ಬಿಟ್ಟ ಜಾಗಕ್ಕೆ ಬೇಲಿ ಇದೆ, ಟಿಕೆಟ್ ಇದೆ, ಗೈಡು ಇದ್ದಾನೆ. ನಮ್ಮೋರು ಬಿಟ್ಟ ಜಾಗಕ್ಕೆ ಏನಿದೆ? ಬಳ್ಳಾರಿ ಜಾಲಿ ಇದೆ.

ಕಂದಾಯ ಇಲಾಖೆಯಲ್ಲಿ ಒಂದು ಪದ ಇದೆ. ಬೇಚಿರಾಕ್ ಗ್ರಾಮ. ತಾಲ್ಲೂಕು ಕಚೇರಿಗೆ ಜಾತಿ ಸರ್ಟಿಫಿಕೇಟಿಗೆ ಅಲೆದವರು ಆ ಪದ ಕೇಳಿರಬಹುದು. ಪಾರ್ಸಿ ಭಾಷೆಯ ಪದ. 'ಬೇ' ಅಂದರೆ ಇಲ್ಲದ, 'ಚಿರಾಗ್' ಅಂದರೆ ದೀಪ. ದೀಪ ಹಚ್ಚೋರಿಲ್ಲದ ಊರು. ಹೆಸರು ಇರುತ್ತೆ, ನಕಾಶೆ ಇರುತ್ತೆ, ಸರ್ವೆ ನಂಬರುಗಳಿರುತ್ತವೆ, ಮನುಷ್ಯರಿರೋದಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳಿದ್ದವು. ಜನ ವಾಸ ಇದ್ದದ್ದು 27,397ರಲ್ಲಿ. ಮಿಕ್ಕ ಎರಡು ಸಾವಿರದ ಹತ್ತಿರ ಹತ್ತಿರ ಹಳ್ಳಿಗಳಲ್ಲಿ ಒಂದು ದೀಪವೂ ಇಲ್ಲ.

ಈ ಊರುಗಳು ಯಾಕೆ ಹಾಳಾದವು? ಅಜ್ಜಿಯರನ್ನು ಕೇಳಿ, ಹೇಳ್ತಾರೆ. ಬರ ಬಂತು, ಪ್ಲೇಗು ಬಂತು, ಕೆರೆ ಒಡೀತು, ಕಳ್ಳರ ಕಾಟ ಆಯ್ತು. ಇದೆಲ್ಲ ಕಟ್ಟುಕತೆ ಅಲ್ಲ. 1876ರಿಂದ 78ರವರೆಗೆ ನಡೆದ ಬರಗಾಲದಲ್ಲಿ ಮೈಸೂರು ಸೀಮೆ ಸುಟ್ಟುಹೋಯಿತು. 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಮೀರಿ ಜನ ಇಲ್ಲವಾದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿತ್ತು ಅಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಕೂರೋದು. ಆಮೇಲೆ ಅಣೆಕಟ್ಟುಗಳು ಬಂದವು. ಕೃಷ್ಣರಾಜಸಾಗರಕ್ಕೆ ಹಳೇ ಕನ್ನಂಬಾಡಿ ಮುಳುಗಿತು. ಆಲಮಟ್ಟಿಗೆ ಹಳೇ ಬಾಗಲಕೋಟೆಯ ಬೀದಿಗಳು ಮುಳುಗಿದವು. ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ನೋಡಲು ಚೆನ್ನಾಗಿದೆ. ದೇವರಿಗೆ ಪುನರ್ವಸತಿ ಆಯಿತು. ಪಟ್ಟೆ ಪಹಣಿ ಇದ್ದೋರಿಗೆ ಪರಿಹಾರ ಅಂತ ಒಂದು ಲೆಕ್ಕ ಆದರೂ ಇರುತ್ತೆ. ಕಾಗದ ಇಲ್ಲದ ಗುಡಿಸಲಿನವನು ಯಾವ ಲೆಕ್ಕಕ್ಕೆ?

ಇಲ್ಲಿ ಒಂದು ವಿಷಯ ಗಮನಿಸಿ. ಬರಕ್ಕೆ, ಪ್ಲೇಗಿಗೆ, ನೀರಿಗೆ ಊರೂ ಕೇರಿಯೂ ಒಟ್ಟಿಗೇ ಖಾಲಿಯಾಗುತ್ತೆ. ಆಗ ಸರ್ಕಾರ ಅದನ್ನು ಬೇಚಿರಾಕ್ ಅಂತ ಬರ್ಕೊಳ್ಳುತ್ತೆ. ಆದರೆ ಕೇರಿ ಮಾತ್ರ ಖಾಲಿಯಾದರೆ? ಊರಲ್ಲಿ ದೀಪ ಉರೀತಾನೇ ಇರುತ್ತೆ. ಶಾನುಭೋಗರ ಕಾಲದ ಕಡತದಲ್ಲೂ ಇಲ್ಲ, ಇವತ್ತಿನ ಕಂಪ್ಯೂಟರಿನಲ್ಲೂ ಇಲ್ಲ. ಆ ಹಳ್ಳಿ ಜನವಸತಿ ಇರುವ ಗ್ರಾಮವೇ. ನಮ್ಮ ದೀಪ ಆರಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಇನ್ನೊಂದು ಕಡೆ, ತಲೆಮಾರುಗಳಿಂದ ಜನ ತುಂಬಿರೋ ತಾಂಡಾಗಳು, ಹಟ್ಟಿಗಳು ಕಂದಾಯ ಗ್ರಾಮಗಳೇ ಆಗಿರಲಿಲ್ಲ. ಅವಕ್ಕೆ ಹಕ್ಕುಪತ್ರ ಕೊಡೋ ಕೆಲಸ ಶುರುವಾಗಿದ್ದು ಇತ್ತೀಚಿನ ವರ್ಷಗಳಲ್ಲಿ. ಜನ ಇಲ್ಲದ ಊರಿಗೆ ದಾಖಲೆ ಇತ್ತು, ದಾಖಲೆ ಇಲ್ಲದ ಕಡೆ ಜನ ಇದ್ದರು.

ಕೇರಿಗಳು ಯಾಕೆ ಖಾಲಿಯಾದವು? ಮೂರು ಜಾಗಗಳ ಹೆಸರು ಹೇಳ್ತೀನಿ. ಬರ್ಕೊಳ್ಳಿ.

ಮೊದಲನೇದು ಕವಿಥಾ. ಗುಜರಾತಿನ ಹಳ್ಳಿ. 1935ರ ಆಗಸ್ಟ್. ಅಸ್ಪೃಶ್ಯರ ಮಕ್ಕಳನ್ನೂ ಊರ ಶಾಲೆಗೆ ಸೇರಿಸಬೇಕು ಅಂತ ಸರ್ಕಾರದ ಆದೇಶ ಆಯಿತು. ನಮ್ಮೋರು ಮಕ್ಕಳನ್ನು ಕಳಿಸಿದರು. ಅಷ್ಟೇ ತಪ್ಪು. ಹೊಡೆದರು, ಕೂಲಿ ನಿಲ್ಲಿಸಿದರು, ದನ ಮೇಯಿಸೋದಕ್ಕೆ ಬಿಡಲಿಲ್ಲ, ಕೊನೆಗೆ ಕುಡಿಯೋ ನೀರಿನ ಬಾವಿಗೆ ಸೀಮೆಎಣ್ಣೆ ಸುರಿದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ, ಇವರು ಆ ಊರು ಬಿಟ್ಟುಹೋಗಲಿ, ಅದಕ್ಕೆ ಹಿತೈಷಿಗಳು ಸಹಾಯ ಮಾಡಲಿ ಎಂಬರ್ಥದಲ್ಲಿ ಬರೆದರು. ಬಾಬಾಸಾಹೇಬರು ಕೇಳಿದ್ದು ಬೇರೆ. ಹೊಡೆದವರ ಮೇಲೆ ಕೇಸು ಹಾಕಿಸೋದಕ್ಕೆ ಯಾಕೆ ಮುಂದೆ ಬರಲಿಲ್ಲ ಅಂತ ಕೇಳಿದರು. ಪುಸ್ತಕ ಹಿಡಿದು ಕೂತಿರೋ ನೀವು ಆ ಸೀಮೆಎಣ್ಣೆ ವಾಸನೆಯನ್ನು ಮರೀಬಾರದು.

ಎರಡನೇದು ಕಾರಂಚೇಡು. ಆಗ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿತ್ತು. ಮಾದಿಗರು ಕುಡಿಯೋ ನೀರಿನ ಕೆರೇಲಿ ಎಮ್ಮೆಯ ಮುಸುರೆ ಬಕೆಟ್ಟು ತೊಳೆದರು. ಯಾಕೆ ಹೀಗೆ ಮಾಡ್ತೀರಿ ಅಂತ ನಮ್ಮ ಹೆಣ್ಣುಮಗಳೊಬ್ಬಳು ಕೇಳಿದಳು, ಹೊಡೆಯಲು ಬಂದವರಿಗೆ ಕೈಲಿದ್ದ ಬಿಂದಿಗೆ ಎತ್ತಿದಳು. ಮಾರನೇ ದಿನ, 1985ರ ಜುಲೈ 17ರಂದು, ಕೇರಿ ಮೇಲೆ ಬಿದ್ದು ಆರು ಜನರನ್ನು ಕೊಂದರು. ಉಳಿದವರು ಓಡಿ ಚೀರಾಲ ಪಟ್ಟಣಕ್ಕೆ ಬಂದರು. ಆಮೇಲೆ ನಡೆದದ್ದು ಮುಖ್ಯ. ವಾಪಸು ಬನ್ನಿ, ರಾಜಿ ಮಾಡಿಸ್ತೀವಿ ಅಂದರು. ನಮ್ಮೋರು ಹೋಗಲಿಲ್ಲ. ಅಲ್ಲೇ ಶಿಬಿರ ಹಾಕಿ ಕೂತರು. ಆ ಶಿಬಿರದ ಹೋರಾಟದಿಂದಲೇ ಆಂಧ್ರದ ದಲಿತ ಮಹಾಸಭಾ ಹುಟ್ಟಿತು. ಚೀರಾಲದಲ್ಲೇ ಹೊಸ ಕಾಲನಿ ಎದ್ದಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2008ರಲ್ಲಿ. ಇಪ್ಪತ್ಮೂರು ವರ್ಷ ಕಾದರು, ಶಿಕ್ಷೆ ಆಯಿತು.

ಮೂರನೇದು ನಮ್ಮದೇ ನಾಡಿನ ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು. 2000ನೇ ಇಸವಿ ಮಾರ್ಚ್ 11. ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಅಂತ ಎಲ್ಲರೂ ಹೇಳ್ತಾರೆ. ತಿರುಗಿಬಿದ್ದೋರನ್ನು ಬಯ್ಯೋದು ಸುಲಭ. ನೀವೇ ಯೋಚನೆ ಮಾಡಿ. ಬೆಳಿಗ್ಗೆ ಕೋರ್ಟಲ್ಲಿ ಒಬ್ಬನ ಮೇಲೆ ಸಾಕ್ಷಿ ಹೇಳಿ, ಸಂಜೆ ಅವನದೇ ಊರ ದಾರೀಲಿ ನಡೆದು, ನಾಳೆ ಅವನ ಕಡೆಯವರ ಹೊಲಕ್ಕೇ ಕೂಲಿಗೆ ಹೋಗೋದು ಹೇಗೆ? ಊರಲ್ಲಿ ಉಳಿಯೋದೇ ಧೈರ್ಯ, ಬಿಡೋದೇ ಹೇಡಿತನ ಅಂತ ನಮ್ಮ ಸಭೆಗಳಲ್ಲೂ ಕೆಲವರು ಅಂತಾರೆ. ಅದಕ್ಕೇ ಈ ಎರಡೂ ಹೆಸರು ಪಕ್ಕ ಪಕ್ಕ ಇಟ್ಟೆ.

ಇನ್ನು ಒಂದು ಹಾಳೂರು ಇದೆ. ಅದು ಸಣ್ಣದಲ್ಲ. ಕೋಲಾರದ ಚಿನ್ನದ ಗಣಿ. ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ಹೊಲೆಯರು, ಪರೆಯರು, ಊರಿನ ಜೀತ ಬಿಟ್ಟು ಬಂದವರು, ಅಲ್ಲಿ ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಮೀರಿ ಇಳಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಅಲ್ಲಿಗೆ ಹೋಯಿತು. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ಅದಾಗಿ ಮೂರು ವರ್ಷಕ್ಕೆ. ಆ ಕರೆಂಟು ಹೋದದ್ದು ಗಣಿಯ ಯಂತ್ರಕ್ಕೆ, ಕೂಲಿಯವನ ಗುಡಿಸಲಿಗಲ್ಲ. ಆದರೂ ಆ ಗುಡಿಸಲುಗಳಲ್ಲಿ ನಮ್ಮ ಜನ ಏನು ಹಚ್ಚಿದರು ನೋಡಿ. ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಅಲ್ಲಿಯ ಮಾರಿಕುಪ್ಪಂನಲ್ಲಿ ಇತ್ತು. ಅಂಬೇಡ್ಕರರು ದೀಕ್ಷೆ ತಗೊಳ್ಳೋ 1956ಕ್ಕೆ ಎಷ್ಟೋ ದಶಕ ಮುಂಚೆ ಗಣಿ ಕೂಲಿಗಳು ಬುದ್ಧನ ಮಾತು ಆಡ್ತಾ ಇದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಚಿನ್ನ ಹೋಯಿತು. ಸೈನೈಡಿನ ದಿಬ್ಬ, ತುಕ್ಕು ಹಿಡಿದ ಗಾಲಿಗಳು, ಎದೆಗೆ ಧೂಳು ಹಿಡಿದ ಮುದುಕರು ಉಳಿದರು. ಅವರ ಮಕ್ಕಳು ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ. ಅಲ್ಲಿ ಜನ ಊರು ಬಿಡಲಿಲ್ಲ, ಬಂಡವಾಳ ಜನರನ್ನು ಬಿಟ್ಟುಹೋಯಿತು.

ನಮ್ಮ ಕೇರಿಯ ವಿಷಯ ಹೇಳದೆ ಇದ್ದರೆ ಈ ಮಾತು ಅರ್ಧ ಆಗುತ್ತೆ. ನಮ್ಮ ತಾತನ ಕಾಲದಲ್ಲಿ ಕೇರಿಯವರು ಸೇರಿ, ಇನ್ಮೇಲೆ ಸತ್ತ ದನ ಹೊರಲ್ಲ, ಹಬ್ಬಕ್ಕೆ ತಮಟೆ ಬಡಿಯಲ್ಲ ಅಂದರು. ಯಾರೂ ಕೊಲೆ ಮಾಡಲಿಲ್ಲ, ಬೆಂಕಿ ಹಚ್ಚಲಿಲ್ಲ. ಕೂಲಿಗೆ ಕರೀಲಿಲ್ಲ. ಅಂಗಡೀಲಿ ಉಪ್ಪು ಕೊಡಲಿಲ್ಲ. ಮಿಲ್ಲಲ್ಲಿ ರಾಗಿ ಬೀಸಿಕೊಡಲಿಲ್ಲ. ಹೊಲದ ಬದುವಿನ ಮೇಲೆ ನಡೀಬೇಡಿ ಅಂದರು. ಹನ್ನೊಂದು ಮನೆ. ಒಂದೊಂದಾಗಿ ಎದ್ದುಹೋದವು. ಪೇಪರಿನಲ್ಲಿ ಬರೋಂಥ ಸುದ್ದಿಯೇ ಅಲ್ಲ.

ಹೋದ ವರ್ಷ ಅಜ್ಜಿ ಹಠ ಹಿಡಿದಳು, ಒಂದ್ಸಲ ತೋರಿಸ್ಕೊಂಡು ಬಾ ಅಂತ. ಹೋದೆವು. ಜಾಲಿ ಮೆಳೆ ಬಿಟ್ಟು ಏನಿಲ್ಲ. ಅಜ್ಜಿ ಕೋಲಲ್ಲಿ ಗಿಡ ಸರಿಸಿ ಸರಿಸಿ ನೆಲ ನೋಡಿದಳು. ಒರಳು ಕಲ್ಲು ಸಿಕ್ಕಿತು, ಅರ್ಧ ಹೂತುಹೋಗಿತ್ತು. "ಇಲ್ಲೇ ಕಣಪ್ಪ ನಮ್ ಒಲೆ ಇದ್ದುದ್ದು. ಇಲ್ಲಿ ನಿಮ್ಮಪ್ಪ ಹುಟ್ದ" ಅಂದಳು. ಅಳ್ತಾಳೆ ಅಂತ ನಾನು ಅಂದ್ಕೊಂಡೆ. ಪದ್ಯ ಬರೆಯೋನಲ್ಲವಾ, ಅವಳು ಅಳೋದಕ್ಕೆ ಕಾಯ್ತಾ ಇದ್ದೆ. ಅವಳು ಅಳಲಿಲ್ಲ. "ನಿಮ್ ತಾತಂಗೆ ದರಖಾಸ್ತಲ್ಲಿ ಎರಡೆಕರೆ ಬಂದಿತ್ತಲ್ಲ, ಅದನ್ನ ಯಾರು ಉಳ್ತಾವ್ರೆ, ಕೇಳ್ಕೊಂಡು ಬಾ" ಅಂದಳು.

ನನಗೆ ನಾಚಿಕೆ ಆಯಿತು. ನಾನು ಒರಳು ಕಲ್ಲಿನ ಮೇಲೆ ಪದ್ಯ ಕಟ್ತಾ ಇದ್ದೆ. ಅಜ್ಜಿ ಸರ್ವೆ ನಂಬರು ಕೇಳ್ತಾ ಇದ್ದಳು. ಪಹಣಿ ತೆಗೆಸಿದೆ. ತಾತನ ಹೆಸರಿರಲಿಲ್ಲ. ಅರ್ಜಿ ಹಾಕಿದ್ದೇವೆ. ಇನ್ನೂ ಅಲೀತಾ ಇದ್ದೀವಿ.

ಬಾಬಾಸಾಹೇಬರು ಹಳ್ಳಿಯನ್ನು ಹೊಗಳಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಹಳ್ಳಿಯ ಸಂಕುಚಿತತನವನ್ನು ಬಯಲಿಗಿಟ್ಟರು. 1942ರಲ್ಲಿ ನಾಗಪುರದ ಸಮ್ಮೇಳನದಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ನೆಲೆಗಳು ಬೇಕು ಅಂತ ನಿರ್ಣಯ ಆಯಿತು. ಪ್ರತ್ಯೇಕ ನೆಲೆ ಅಂದರೆ ಬರಿಗೈಲಿ ಓಡಿಹೋಗೋದಲ್ಲ. ನೆಲ ಸಮೇತ ಹೋಗೋದು. ಈ ವ್ಯತ್ಯಾಸ ತಿಳಿದುಕೊಳ್ಳಿ. ನಾವಾಗಿ ನಡೆದುಹೋದದ್ದು ಬೇರೆ, ನಮ್ಮನ್ನು ಓಡಿಸಿದ್ದು ಬೇರೆ.

ಓಡಿಸೋದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ, ಪರಿಶಿಷ್ಟರು ಮನೆಯನ್ನೋ ಹಳ್ಳಿಯನ್ನೋ ಬಿಟ್ಟುಹೋಗುವ ಹಾಗೆ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಅಂತ ಇದೆ. 2015ರ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಸೇರಿಸಿದ್ದಾರೆ. ನಮ್ಮ ತಾತನಿಗೆ ಈ ಕಾನೂನು ಇರಲಿಲ್ಲ. ನಿಮಗೆ ಇದೆ. ಸರ್ಕಾರ ನಮ್ಮೋರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ವಾರಸುದಾರರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತಡವಾಯ್ತು ಅಂತ ಅರ್ಜಿಗಳನ್ನು ತಳ್ಳಿಹಾಕ್ತಾ ಇದ್ದರು, ಅದಕ್ಕೆ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದರು. ಹಾಗಂತ ಕೋರ್ಟಿನ ತಕರಾರು ಮುಗಿದಿಲ್ಲ. ಆದ್ದರಿಂದ ಕೂರಬೇಡಿ.

ಗೆಳೆಯರೆ, ನೀವೂ ಕೇರಿ ಬಿಟ್ಟು ಬಂದವರೇ. ಓದಿ, ಕೆಲಸ ಹಿಡಿದು, ವಾಪಸು ಹೋಗದೆ ಇರಬಹುದು. ಹೋಗಲೇಬೇಕು ಅಂತ ನಾನು ಹೇಳಲ್ಲ. ಅವಮಾನ ತಿಂದ ಜಾಗಕ್ಕೆ ವಾಪಸು ಹೋಗು ಅನ್ನೋದಕ್ಕೆ ಯಾರಿಗೂ ಹಕ್ಕಿಲ್ಲ. ಆದರೆ ಒಂದು ಕೆಲಸ ಮಾಡಿ. ದಸರಾ ರಜಕ್ಕೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ನಿಮ್ಮ ಸುತ್ತಮುತ್ತ ಖಾಲಿಯಾದ ಕೇರಿ ಯಾವುದು? ಎಷ್ಟು ಮನೆ ಇತ್ತು? ಯಾವ ವರ್ಷ ಬಿಟ್ಟರು? ಯಾಕೆ ಬಿಟ್ಟರು? ಎಲ್ಲಿಗೆ ಹೋದರು? ಅವರ ಹೆಸರಿನಲ್ಲಿದ್ದ ಜಮೀನಿನ ಸರ್ವೆ ನಂಬರು ಯಾವುದು, ಈಗ ಯಾರು ಉಳ್ತಾ ಇದ್ದಾರೆ? ಮುದುಕರು ಬದುಕಿರುವಾಗಲೇ ಕೇಳಿ ಬರ್ಕೊಳ್ಳಿ. ಅವರು ಹೋದರೆ ಆ ಕಡತವೂ ಹೋಯಿತು. ಬರೆದದ್ದನ್ನು ಇಲ್ಲಿಗೆ ತನ್ನಿ. ಈ ಪತ್ರಿಕೆಯಲ್ಲೇ ಒಂದೊಂದಾಗಿ ಅಚ್ಚು ಹಾಕೋಣ.

ಸರ್ಕಾರದ ಬೇಚಿರಾಕ್ ಪಟ್ಟಿಯಲ್ಲಿ ನಮ್ಮ ಕೇರಿಗಳಿಲ್ಲ. ನಮ್ಮ ಪಟ್ಟಿಯನ್ನು ನಾವೇ ಬರೆಯೋಣ. ಮೊದಲನೇ ಹಾಳೆ ನಾನು ಬರೆದು ತಂದಿದ್ದೇನೆ. ಹನ್ನೊಂದು ಮನೆ, ಎರಡೆಕರೆ, ಒಂದು ಒರಳು ಕಲ್ಲು. ಇನ್ನು ನಿಮ್ಮದು ಬರಲಿ.

ಜೈ ಭೀಮ್.