ಗಟ್ಟಿವಾಚನದ ಇನ್ನೂರು ವರ್ಷ



ಬಳ್ಳಾರಿ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರನೇ ತರಗತಿಗೆ ಕನ್ನಡ ಹೇಳುತ್ತಿದ್ದ ಕಾಲದ ಮಾತು. ಒಬ್ಬ ಹುಡುಗನನ್ನು ಎಬ್ಬಿಸಿ ಒಂದು ಪ್ಯಾರಾ ಓದಪ್ಪಾ ಅಂದೆ. ಒಳ್ಳೆ ಮಳೆಯಾಗಿ ಊರ ಕೆರೆ ಕೋಡಿ ಬಿದ್ದ ಪ್ರಸಂಗ. ಹುಡುಗ ಗಂಟಲು ಬಿಚ್ಚಿ, ಒಂದು ಒತ್ತಕ್ಷರವೂ ಜಾರದ ಹಾಗೆ ಓದಿದ. ಪಕ್ಕದ ಕೋಣೆಯ ಮೇಷ್ಟ್ರು ಪಾಠ ನಿಲ್ಲಿಸಿ ಇಣುಕಿ ನೋಡುವಂಥ ಓದು. ಇನ್ನೇನು ಕೂರಬೇಕು, ಅಷ್ಟರಲ್ಲಿ ಕೇಳಿದೆ: "ಕೆರೆ ಕೋಡಿ ಬಿದ್ರೆ ಊರೋರಿಗೆ ಯಾಕೋ ಅಷ್ಟು ಖುಷಿ?" ಹುಡುಗ ಪುಸ್ತಕ ನೋಡಿದ, ಹಾಳೆ ತಿರುವಿದ, ಮತ್ತೆ ಹಿಂದಕ್ಕೆ ಬಂದ. "ಸಾರ್, ಅದು ಮುಂದಿನ ಪ್ಯಾರಾದಾಗ ಐತೇನ್ರಿ?" ಅಂದ.

ಅವನ ಮನೆ ಇದ್ದದ್ದೇ ಕೆರೆ ಏರಿಯ ಕೆಳಗೆ. ಹಿಂದಿನ ವರ್ಷ ಕೋಡಿ ಹರಿದಾಗ ಊರಿನ ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಟ್ಟದ್ದನ್ನು ಅವನು ಎಲ್ಲರಿಗಿಂತ ಮುಂದೆ ನಿಂತು ನೋಡಿದವನು. ಉತ್ತರ ಅವನ ಹತ್ತಿರವೇ ಇತ್ತು. ಆದರೆ ಉತ್ತರ ಅಂದರೆ ಅಚ್ಚಾದ ಸಾಲು, ಅದು ಪುಸ್ತಕದಲ್ಲೇ ಎಲ್ಲೋ ಇರಬೇಕು ಎಂದು ಅವನಿಗೆ ಯಾರೋ ಕಲಿಸಿಬಿಟ್ಟಿದ್ದರು. ಆ ಯಾರೋ ಅನ್ನುವವರಲ್ಲಿ ನಾನೂ ಒಬ್ಬ. ಈ ಪಾಠ ನಮಗೆ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ಮಾತು.

ಇದೇ ಬಳ್ಳಾರಿಯಲ್ಲಿ ಎ. ಡಿ. ಕ್ಯಾಂಪ್‌ಬೆಲ್ ಅಂತ ಒಬ್ಬ ಕಲೆಕ್ಟರ್ ಇದ್ದ. ಬರೀ ಕಂದಾಯದ ಮನುಷ್ಯನಲ್ಲ, ತೆಲುಗಿಗೆ ವ್ಯಾಕರಣ ಬರೆದವನು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ, ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಏನು ಕಲಿಸುತ್ತಾರೆ ಎಂದು ಎಲ್ಲ ಕಲೆಕ್ಟರುಗಳನ್ನೂ ಕೇಳಿದ. ಬಹಳ ಮಂದಿ ಅಂಕಿ ತುಂಬಿ ಕಳಿಸಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ ಮಾತ್ರ 1823ರಲ್ಲಿ ಉದ್ದನೆಯ ಪತ್ರ ಬರೆದ. ಅವನ ಲೆಕ್ಕದ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳು: ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಅಷ್ಟೂ ಕಡೆ ಸೇರಿ ಓದುತ್ತಿದ್ದವರು 6,641 ಮಂದಿ.

ಅಂಕಿಗಿಂತ ಸ್ವಾರಸ್ಯ ಇರುವುದು ಅವನು ಕಂಡ ದಿನಚರಿಯಲ್ಲಿ. ಊರಿನ ಅಯ್ಯನವರು ಪಾಠ ಹೇಳುತ್ತಿದ್ದ ಮಠ, ಅಂದರೆ ಕೂಲಿಮಠ, ಬೆಳಗಿನ ಆರು ಗಂಟೆಗೆ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಒಂದೊಂದು ಹೆಚ್ಚು. ಸೋಮಾರಿಯನ್ನು ಎರಡೂ ಕೈ ಕಟ್ಟಿ ಜಂತಿಗೆ ನೇತುಹಾಕುತ್ತಿದ್ದರು, ಇಲ್ಲವೇ ಕೂತು ಎದ್ದು ಮಾಡಿಸುತ್ತಿದ್ದರು. ಮೊದಲನೆಯದು ನಮ್ಮ ಹಿರಿಯರು ಕೋದಂಡ ಎನ್ನುತ್ತಿದ್ದ ಶಿಕ್ಷೆ. ಎರಡನೆಯದು ಬಸ್ಕಿ, ಅದು ನನ್ನ ಕಾಲದವರೆಗೂ ಚೆನ್ನಾಗಿ ಬದುಕಿತ್ತು.

ಬರವಣಿಗೆ ಮರಳಿನಲ್ಲಿ ಶುರುವಾಗುತ್ತಿತ್ತು, ಬೆರಳೇ ಲೇಖನಿ. ಆಮೇಲೆ ಕಡತ. ಬಟ್ಟೆಗೆ ಇದ್ದಿಲು ಪುಡಿ, ಹುಣಸೆ ಬೀಜದ ಅಂಟು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಅದರ ಮೇಲೆ ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಇವತ್ತು ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಅದರ ಮೇಲೆ ಬಿದ್ದದ್ದನ್ನು ಒರೆಸುವುದು ಅಷ್ಟು ಸುಲಭವಲ್ಲ, ಆ ಮಾತು ಬೇರೆ.

ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಅಂದ. ಆ ಮಾತಿಗೆ ಹಿನ್ನೆಲೆಯಿದೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳ ಮೇಲೆ ಬರೆದು ಒಬ್ಬರಿಗೊಬ್ಬರು ಕಲಿಸುವುದನ್ನು ತನ್ನ ಶಾಲೆಗೆ ತಂದುಕೊಂಡು, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ್ದ. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಅಂತಲೇ ಹೆಸರಾಯಿತು.

ಕ್ಯಾಂಪ್‌ಬೆಲ್ ಮೆಚ್ಚದೆ ಬರೆದ ಮಾತೇ ನನ್ನನ್ನು ಹೆಚ್ಚು ಕಾಡಿದ್ದು. ಆ ಮಠಗಳಲ್ಲಿ ಓದಿಸುತ್ತಿದ್ದವು ಬಸವ ಪುರಾಣ, ಗಿರಿಜಾ ಕಲ್ಯಾಣ, ಅನುಭವಾಮೃತ, ರಾಮಾಯಣ, ಭಾರತ. ಬಹುಪಾಲು ಪದ್ಯ, ಆ ಪದ್ಯದ ಭಾಷೆ ಮನೆಯಲ್ಲಿ ಆಡುವ ಭಾಷೆಯಲ್ಲ. ಹುಡುಗರು ನೂರಾರು ಪದ್ಯಗಳನ್ನು ಪಟಪಟ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ಎಷ್ಟು ಗೊತ್ತೋ ಇವರಿಗೂ ಅಷ್ಟೇ ಎಂದು ಅವನು ಬರೆದ. ಪರದೇಶಿ ಅಧಿಕಾರಿಯ ಮಾತು, ಸೊಕ್ಕು ಇರಬಹುದು ಅಂತ ತಳ್ಳಿಹಾಕಬಹುದಿತ್ತು. ನನ್ನ ಕೋಡಿ ಬಿದ್ದ ಕೆರೆಯ ಹುಡುಗ ತಳ್ಳಿಹಾಕಗೊಡುವುದಿಲ್ಲ. ಹಾಗೆಂದು ಕಂಠಪಾಠವನ್ನು ನಾನು ಹೀಗಳೆಯುವವನೂ ಅಲ್ಲ. ಹನ್ನೆರಡನೇ ವಯಸ್ಸಿಗೆ ಬಾಯಿಗೆ ಬಂದ ಷಟ್ಪದಿ ನಲವತ್ತಕ್ಕೆ ಅರ್ಥ ಕೊಟ್ಟದ್ದು ನನ್ನದೇ ಅನುಭವ. ಅಲ್ಲಿಯತನಕ ಕಾಯುವಷ್ಟು ಪುರಸತ್ತು ಆ ಕಾಲದ ಮಠಕ್ಕಿತ್ತು, ನಮ್ಮ ಪರೀಕ್ಷೆಗಳಿಗಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಮಠ ಶಾಲೆಯಾಯಿತು. ಮೈಸೂರಿನಲ್ಲಿ ಶಿಕ್ಷಣ ಇಲಾಖೆಯ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಊರಿನ ಕೂಲಿಮಠದ ಅಯ್ಯನವರನ್ನೇ ನಾರ್ಮಲ್ ಸ್ಕೂಲಿಗೆ ಕಳಿಸಿ, ತರಬೇತಿ ಕೊಟ್ಟು, ಸಂಬಳ ಗೊತ್ತುಮಾಡುವ ಯೋಜನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಶಾಲಾ ಪುಸ್ತಕ ಅಚ್ಚುಹಾಕಿತು. ಧಾರವಾಡ, ಬೆಳಗಾವಿಯ ಕಡೆ ಸಮಸ್ಯೆಯೇ ಬೇರೆ. ಅಲ್ಲಿ ಕನ್ನಡದ ಮನೆಯಿಂದ ಬಂದ ಮಗು ಸಾಲಿಯಲ್ಲಿ ಮರಾಠಿ ಓದಬೇಕಿತ್ತು. ಆಡುವ ಭಾಷೆಯಲ್ಲೇ ಓದು ಇಲ್ಲದಿದ್ದರೆ ಅರ್ಥದ ಮಾತೆಲ್ಲಿ ಬಂತು? ಡೆಪ್ಯುಟಿ ಚನ್ನಬಸಪ್ಪನವರು ಊರೂರು ಸುತ್ತಿ ಕನ್ನಡ ಸಾಲಿ ತೆರೆಸಿದರು. ಡೆಪ್ಯುಟಿ ಅನ್ನುವುದು ಅವರ ಹುದ್ದೆ, ಜನ ಅದನ್ನೇ ಹೆಸರಿನ ಭಾಗ ಮಾಡಿಕೊಂಡರು. ಷೇಕ್ಸ್‌ಪಿಯರನ ಪ್ರಹಸನವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದವರೂ ಅವರೇ. ಮುಂದೆ ಆ ಭಾಗದಲ್ಲಿ ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಊರಲ್ಲಿ ಬೇರೆಯೇ ಮರ್ಯಾದೆ. ಅವನೇ ಮಾಸ್ತರನೂ ಆಗಬಹುದಿತ್ತು.

ಪುಸ್ತಕ ಅಚ್ಚಾಯಿತು, ಭಾಷೆ ಗದ್ಯಕ್ಕೆ ಇಳಿಯಿತು. ಆದರೆ ಜೊತೆಗೇ ಇನ್‌ಸ್ಪೆಕ್ಟರ್ ಬಂದ. ಅವನಿಗೆ ಇರುವುದು ಅರ್ಧ ದಿನ, ನೋಡಬೇಕಾದ ಮಕ್ಕಳು ನೂರು. ಮಗುವನ್ನು ನಿಲ್ಲಿಸಿ ಓದಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಓದು ಬರುತ್ತದೋ ಇಲ್ಲವೋ ಅಂತ. ಬಾಯಿಗೆ ಬಂದರೆ ಓದು ಬಂತು. ಮಠದ ಒಪ್ಪಿಸುವಿಕೆ ಹೀಗೆ ಸರ್ಕಾರಿ ಶಾಲೆಯ ಗಟ್ಟಿವಾಚನವಾಗಿ ಮುಂದುವರಿಯಿತು.

ಇನ್‌ಸ್ಪೆಕ್ಟರುಗಳಲ್ಲೂ ಒಬ್ಬರು ಬೇರೆ ಥರದವರಿದ್ದರು, ಪಂಜೆ ಮಂಗೇಶರಾಯರು. ಶಾಲೆ ತಪಾಸಣೆಗೆಂದು ದಕ್ಷಿಣ ಕನ್ನಡ ಸುತ್ತಿದವರು, ಆಮೇಲೆ ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ಮಕ್ಕಳ ಕೈಯಲ್ಲಿರುವ ಪುಸ್ತಕ ಮಕ್ಕಳದಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ' ಕಥೆಯನ್ನು ತೆಗೆದುಕೊಳ್ಳಿ. ಬಿಸಿಲಿಗೆ ಹರವಿದ ಸಿಗಡಿ ಒಣಗಲಿಲ್ಲ. ಯಾಕೆ ಅಂತ ಒಬ್ಬರನ್ನು ಕೇಳಿದರೆ ಅವರು ಇನ್ನೊಬ್ಬರ ಮೇಲೆ ಹಾಕುತ್ತಾರೆ. ಯಾಕೆ ಅನ್ನುವ ಒಂದೇ ಪ್ರಶ್ನೆಯ ಮೇಲೆ ಇಡೀ ಕಥೆ ನಿಂತಿದೆ. ಓದುತ್ತಿರುವ ಮಗು ಮುಂದಿನ ಉತ್ತರವನ್ನು ತಾನೇ ಊಹಿಸದೆ ಇರಲಾರದು. ಆರು ವರ್ಷದ ಮಗುವಿಗೆ ಅದು ತಮಾಷೆ. ಹನ್ನೆರಡರ ಮಗುವಿಗೆ ಅದೇ ಕಾರ್ಯಕಾರಣದ ಸರಪಳಿ. ಇತಿಹಾಸದ ಪಾಠವಾಗಲಿ ವಿಜ್ಞಾನದ ಪಾಠವಾಗಲಿ ಓದಲು ಬೇಕಾದದ್ದು ಈ ಅಭ್ಯಾಸವೇ. ಓದಿನ ಬಗ್ಗೆ ಟ್ರೈನಿಂಗ್ ಕಾಲೇಜಿನಲ್ಲಿ ನಾನು ಬರೆದುಕೊಂಡ ನೋಟ್ಸಿನಲ್ಲಿ ಇಷ್ಟು ಸರಕು ಇರಲಿಲ್ಲ.

1956ರ ಏಕೀಕರಣದಲ್ಲಿ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಇಷ್ಟೂ ಕಡೆಯ ಶಾಲೆಗಳು ಒಂದಾದವು. 'ಕನ್ನಡ ಭಾರತಿ' ಪಠ್ಯ ಓದಿ ಬೆಳೆದವರು ಈಗ ಈ ಭಾಷಣ ಕೇಳುತ್ತಿರಬಹುದು. ಆಗ ನಮ್ಮ ಕಡೆ ಮಿಡ್ಲಿಸ್ಕೂಲು ಅಂದರೆ ಹೊಸ ಪ್ರಪಂಚವಾಗಿತ್ತು. ಐದನೇ ಕ್ಲಾಸಿಗೆ ಎಬಿಸಿಡಿ, ಅದರ ಹಿಂದೆಯೇ ಹಿಂದಿ. ಜೊತೆಗೆ ಉಕ್ತಲೇಖನ, ಗಾದೆ ವಿಸ್ತರಣೆ, ರಜಾ ಅರ್ಜಿ, ಬಿಟ್ಟ ಸ್ಥಳ ತುಂಬಿ, ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ. ಈ ಕೊನೆಯದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಯಾರು, ಯಾರಿಗೆ, ಯಾವಾಗ, ಯಾಕೆ ಹೇಳಿದರು ಎಂದು ಕೇಳುವುದಕ್ಕಿಂತ ಓದಿಗೆ ಇನ್ನೇನು ಪರೀಕ್ಷೆ ಬೇಕು? ಆದರೆ ಮೇಷ್ಟ್ರು ಅದರ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಮಕ್ಕಳು ನೋಟ್ಸಿಗೆ ಇಳಿಸಿಕೊಂಡು, ಅದನ್ನು ಬಾಯಿಪಾಠ ಮಾಡಿದರೆ ಪ್ರಶ್ನೆ ಅಲ್ಲಿಗೇ ಸತ್ತಿತು. ನಾನು ಹನ್ನೊಂದು ವರ್ಷ ಹಾಗೇ ಬರೆಸಿದೆ. ಪೇಟೆಯಲ್ಲಿ ಗೈಡು ಸಿಗತೊಡಗಿದ ಮೇಲೆ ನನ್ನ ಕೈನೋವೂ ತಪ್ಪಿತು.

ತಪ್ಪೆಲ್ಲ ಮೇಷ್ಟ್ರದ್ದು ಎನ್ನುವ ಮುಂಚೆ ನಮ್ಮ ಲಿಪಿಯನ್ನೂ ಸ್ವಲ್ಪ ನೋಡಬೇಕು. ಇಂಗ್ಲಿಷಿನ ಮಗು ಕಲಿಯುವುದು ಇಪ್ಪತ್ತಾರು ಅಕ್ಷರ. ನಮ್ಮ ಮಗು ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು ಎಂದು ಹಾಡುತ್ತಾ ಮೂವತ್ತನಾಲ್ಕು ವ್ಯಂಜನಕ್ಕೂ ಕಾಗುಣಿತ ಕಟ್ಟಿದರೆ ರೂಪಗಳು ನಾನೂರು ದಾಟುತ್ತವೆ. ಅದರ ಕೆಳಗೆ ಒತ್ತು. ಅರ್ಕಾವತ್ತಿನ ಚೇಷ್ಟೆ ನೋಡಿ: ಸೂರ್ಯ ಅಂತ ಬರೆಯುವಾಗ ಯ ಮೊದಲು, ರಕಾರ ಆಮೇಲೆ, ಓದುವಾಗ ರಕಾರ ಮೊದಲು, ಯ ಆಮೇಲೆ. ಕನ್ನಡ ಶಾಲೆಯ ಮಕ್ಕಳ ಓದನ್ನು ಪರೀಕ್ಷಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಅಕ್ಷರಗಳ ಪೂರ್ತಿ ಬಳಗ ಕೈವಶವಾಗಲು ನಮ್ಮ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಸಮಯ ಹಿಡಿಯುತ್ತದೆ. ಅಂದರೆ ಮಿಡ್ಲಿಸ್ಕೂಲಿನ ಬಾಗಿಲಲ್ಲಿ ನಿಂತ ಮಗುವಿಗೆ ಒತ್ತಕ್ಷರದ ಕೆಲಸ ಇನ್ನೂ ಬಾಕಿ, ಸಮಾಜ ವಿಜ್ಞಾನದ ಪುಸ್ತಕವೋ ಸಂಸ್ಕೃತ ಪದಗಳ ಗಂಟು ಹೊತ್ತು ಎದುರಿಗೆ ನಿಂತಿದೆ. ಅಲ್ಲಿ ಕನ್ನಡ ಮೇಷ್ಟ್ರಿಗೆ ಎರಡು ಕೆಲಸ, ಅಕ್ಷರ ಮುಗಿಸುವುದು, ಅರ್ಥ ಕಲಿಸುವುದು; ಪಠ್ಯಕ್ರಮ ಒಂದನ್ನು ಮಾತ್ರ ಲೆಕ್ಕ ಹಿಡಿದಿತ್ತು.

ಚಿಕ್ಕ ತರಗತಿಗಳಲ್ಲಿ ಅಕ್ಷರ ಕಲಿಸುವ ದಾರಿಯನ್ನೇ ಬದಲಿಸಿದ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಿಂದ ಹೊರಟಿತು. ಅಲ್ಲಿನ ಶಿಕ್ಷಕರು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ. ಅ ಆ ಇ ಈ ಸಾಲು ಬಿಟ್ಟು, ಆಕಾರದಲ್ಲಿ ಒಂದರಿಂದ ಒಂದು ಹುಟ್ಟುವ ರ ಗ ಸ ದ ಅ ಹಿಡಿದರು. ಕಾರ್ಡು, ಹಂತ ಹಂತದ ಕಲಿಕಾ ಏಣಿ, ತಟ್ಟೆ. ತಟ್ಟೆ ಅಂದರೆ ಮಕ್ಕಳ ಗುಂಪು ಕೂರುವ ಜಾಗ. ಒಂದು ತಟ್ಟೆಯಲ್ಲಿ ಮೇಷ್ಟ್ರು ಹೇಳಿಕೊಟ್ಟರೆ ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಕ್ಯಾಂಪ್‌ಬೆಲ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದ. ಆದರೆ ಅದು ಚಿಕ್ಕ ತರಗತಿಗಳಿಗೇ ಮುಗಿಯುತ್ತದೆ. ಅದೇ ನಲಿ-ಕಲಿ ಇರುವ ಯಾದಗಿರಿಯಲ್ಲಿ 2011ರಿಂದ ಕೆಲವು ವರ್ಷ ಮಕ್ಕಳ ಓದುಬರಹವನ್ನು ಹಿಂಬಾಲಿಸಿದ ಶೈಲಜಾ ಮೆನನ್ ಮತ್ತು ಸಂಗಡಿಗರಿಗೆ ಕಂಡದ್ದು, ಅಕ್ಷರಕ್ಕೆ ಸಿಕ್ಕಷ್ಟು ಗಮನ ಅರ್ಥಕ್ಕೆ ಸಿಗುತ್ತಿಲ್ಲ ಅನ್ನುವುದು.

2005ರಿಂದ ಹಳ್ಳಿ ಹಳ್ಳಿಯಲ್ಲಿ ಮಕ್ಕಳ ಓದು ಅಳೆಯುವ ಅಸರ್ ಸಮೀಕ್ಷೆ ನಡೆಯುತ್ತಿದೆ. ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕಥೆ, ಓದಿಗೆ ಇಷ್ಟೇ ಅದರ ಪರೀಕ್ಷೆ. ಎಂಟನೇ ತರಗತಿಯಲ್ಲೂ ಆ ಕಥೆ ಓದಲಾಗದ ಮಕ್ಕಳು ಸಿಕ್ಕಾಗ ಪತ್ರಿಕೆಗಳು ಗಾಬರಿಯಾಗುತ್ತವೆ. ಆಗಬೇಕಾದ್ದೇ. ಆದರೆ ಗಮನಿಸಿ, ಅದೂ ಮುಖ್ಯವಾಗಿ ಗಟ್ಟಿವಾಚನದ ಪರೀಕ್ಷೆಯೇ. ನನ್ನ ಕೆರೆ ಏರಿಯ ಹುಡುಗ ಅದರಲ್ಲಿ ಸಲೀಸಾಗಿ ಪಾಸಾಗುತ್ತಿದ್ದ.

ಅವನಿಂದ ಪಾಠ ಕಲಿತ ಮೇಲೆ ನಾನು ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಪುಸ್ತಕ ಮುಚ್ಚಿಸಿ, ಮುಂದೇನಾಗಬಹುದು ಅಂತ ಕೇಳುತ್ತಿದ್ದೆ. ಮೊದಲ ವಾರ ಯಾರೂ ತುಟಿ ಬಿಚ್ಚಲಿಲ್ಲ. ಎರಡನೇ ವಾರ ಹಿಂದಿನ ಬೆಂಚಿನಿಂದ ಒಂದು ಉತ್ತರ ಬಂತು, ತಪ್ಪು ಉತ್ತರ. ಯಾಕೆ ಹಾಗೆ ಅಂದೆ ಅಂತ ಕೇಳಿದರೆ ಹೇಳಿದ ಕಾರಣ ಮಾತ್ರ ಕಥೆಯಲ್ಲೇ ಇತ್ತು. ಆ ದಿನ ನೋಟ್ಸ್ ಬರೆಸಲಿಲ್ಲ. ಸಿಲಬಸ್ ಹಿಂದೆ ಬಿತ್ತು, ಬೈಸಿಕೊಂಡೆ.

ಮತ್ತೆ ಒಂದು ಪೀರಿಯಡ್ಡು ಮೌನ ಓದಿಗೆ ಇಟ್ಟೆ. ಮುಖ್ಯೋಪಾಧ್ಯಾಯರು ಬಂದು ಕಿಟಕಿಯಲ್ಲಿ ನಿಂತು, "ಏನ್ರೀ, ಕ್ಲಾಸ್ ನಡೀತಿಲ್ವೇ?" ಅಂದರು. ಅವರನ್ನೇನು ದೂರುವುದು? ಸದ್ದಿಲ್ಲದ ತರಗತಿ ಕಂಡರೆ ಮೇಷ್ಟ್ರು ಬಂದಿಲ್ಲ ಅಂದುಕೊಳ್ಳುವ ರೂಢಿ ಇನ್ನೂರು ವರ್ಷದ್ದು.

ಆ ಮೌನ ಓದು ನನಗೆ ಮತ್ತೆ ಕಂಡದ್ದು ಶಾಲೆಯ ಹೊರಗೆ. 2020ರಲ್ಲಿ ಕೋವಿಡ್ಡಿಗೆ ಶಾಲೆಗಳು ಮುಚ್ಚಿದ್ದಾಗ ಪಂಚಾಯತ್ ರಾಜ್ ಇಲಾಖೆ 'ಓದುವ ಬೆಳಕು' ಅಂತ ಕಾರ್ಯಕ್ರಮ ಶುರುಮಾಡಿ, ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಪುಕ್ಕಟೆ ಕೊಟ್ಟಿತು. ನಮ್ಮೂರಿನ ಗ್ರಂಥಾಲಯ ಒಂದೇ ಕೋಣೆ, ಎರಡು ಕಬ್ಬಿಣದ ಬೀರು, ಒಂದು ಉದ್ದನೆ ಟೇಬಲ್ಲು. ಮೊನ್ನೆ ಪೇಪರ್ ಓದಲು ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ರಟ್ಟು ಕಿತ್ತುಹೋದ ಕಥೆ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಒಂದು ಪುಟದಲ್ಲಿ ನಿಂತಳು, ಹಿಂದಿನ ಪುಟಕ್ಕೆ ಹೋದಳು, ಮತ್ತೆ ಬಂದಳು, ಕಿಸಕ್ಕನೆ ನಕ್ಕಳು.

"ಏನವ್ವಾ, ಏನೈತಿ ಅದ್ರಾಗ?" ಅಂದೆ.

"ಹೇಳಿದ್ರ ನಿಮಗ ನಗಿ ಬರಂಗಿಲ್ರಿ ಸಾರ್," ಅಂದಳು. "ತಡೀರಿ, ಎರಡು ಪುಟ ಐತಿ. ಮುಗಿಸಿ ಕೊಡ್ತೀನಿ, ನೀವೇ ಓದ್ರಿ."

ನಾನು ಪೇಪರ್ ಮಡಚಿಟ್ಟು ಕಾದೆ.